ಮುಸಾಫಿರನಿಗೆ ಅರ್ಧ ಕಥೆ ಹೇಳಬೇಡಿ

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಹೈದರಾಬಾದಿನಿಂದ ನಮ್ಮ ಖಾಲಾ ಅವರ ಮಗ ಸಂಸಾರ ಸಮೇತ ಬಂದಿಳಿದರು. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ವಿನೋಬನಗರದ ನಮ್ಮಂಥವರ ಮನೆಗೂ ವಿಮಾನದಲ್ಲಿ ನೆಂಟರು ಬರುವ ಕಾಲ ಬಂದಿದೆ. ಚಹಾದ ಕಪ್ಪು ಕೆಳಗಿಡುವ ಮೊದಲೇ ಅವರು ಕೇಳಿದರು: “ಯಾಂ ದೇಖ್ನೇಕು ಕ್ಯಾ ಕ್ಯಾ ಹೈ ಭಾಯ್?” ಇಲ್ಲಿ ನೋಡಲಿಕ್ಕೆ ಏನೇನಿದೆ?

ಮಕ್ಕಳು ಪೆನ್ನು, ಕಾಗದ ಹಿಡಿದು ಕೂತರು. ಜೋಗ, ಆಗುಂಬೆ, ಕೊಡಚಾದ್ರಿ, ಸಕ್ರೆಬೈಲಿನ ಆನೆ ಬಿಡಾರ, ತ್ಯಾವರೆಕೊಪ್ಪದ ಸಿಂಹಧಾಮ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಕಾಂಪೌಂಡಿನ ಆಚೆಯಿಂದಲೇ “ಬರೀ ನೀರು, ಕಾಡು, ಆನೆ ಬರೆದರೆ ಹೇಗ್ರಮ್ಮಾ, ಚರಿತ್ರೆ ಬೇಡವಾ?” ಎಂದು ಇಕ್ಕೇರಿ, ಕೆಳದಿ, ಬಳ್ಳಿಗಾವಿ, ತಾಳಗುಂದ, ಭದ್ರಾವತಿಯ ಲಕ್ಷ್ಮೀನರಸಿಂಹ ದೇವಾಲಯ, ಊರೊಳಗಿನ ಶಿವಪ್ಪ ನಾಯಕನ ಅರಮನೆ ಸೇರಿಸಿದರು. ಪಟ್ಟಿ ಪೂರ್ತಿಯಾಯಿತು. ಒಂಬತ್ತನೇ ತರಗತಿಯ ನಮ್ಮ ಮಗಳು ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಮೇಷ್ಟ್ರಿಗೆ ಕೇಳದ ಹಾಗೆ ಸಣ್ಣ ದನಿಯಲ್ಲಿ, “ಇದರಲ್ಲಿ ನಮ್ದು ಅಂತ ಒಂದೂ ಇಲ್ವಲ್ಲ ಅಬ್ಬಾ” ಎಂದಳು.

ಆ ಮಾತು ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಮನೆಯಲ್ಲಿ ಯಾರೂ ಅವಳಿಗೆ ಕಟ್ಟಡಗಳನ್ನು ಧರ್ಮದ ಲೆಕ್ಕದಲ್ಲಿ ಹಂಚಿಕೊಟ್ಟವರಲ್ಲ. ಹಾಗಾದರೆ ಈ ‘ನಮ್ದು’ ಎಲ್ಲಿಂದ ಬಂತು? ಶಾಲೆಯಿಂದಲೋ, ಮೊಬೈಲಿನಿಂದಲೋ, ಬೀದಿಯ ಫ್ಲೆಕ್ಸಿನಿಂದಲೋ? ಎಲ್ಲಿಂದ ಬಂದಿದ್ದರೂ ಒಂದು ಮಾತು ನಿಜ. ಪ್ರವಾಸಿ ತಾಣಗಳ ಪಟ್ಟಿ ನಾವು ತಿಳಿದಷ್ಟು ಮುಗ್ಧವಾದ ವಸ್ತುವಲ್ಲ. ಏನನ್ನು ನೋಡಬೇಕೆಂದು ಹೇಳುವಾಗಲೇ ಅದು ಯಾರನ್ನು ಮರೆಯಬೇಕೆಂಬುದನ್ನೂ ಕಲಿಸಿಬಿಡುತ್ತದೆ. ಈ ಮರೆವಿನಲ್ಲಿ ಅವರ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಬಾಯಿಬಿಟ್ಟು ಕೇಳುವ ಹೊತ್ತು ಬಂದಿದೆ.

ಮೊದಲು ಊರೊಳಗಿನ ಅರಮನೆಗೇ ಹೋಗೋಣ. ತುಂಗೆಯ ದಂಡೆಯಲ್ಲಿ, ಮರದ ದಪ್ಪ ಕಂಬಗಳ ಹಜಾರವಿರುವ ಎರಡಂತಸ್ತಿನ ಕಟ್ಟಡ. ಈಗ ಅದು ಸರ್ಕಾರದ ವಸ್ತುಸಂಗ್ರಹಾಲಯ; ಅಂಗಳದ ತುಂಬ ಸುತ್ತಮುತ್ತಲ ಊರುಗಳಿಂದ ತಂದ ಕಲ್ಲಿನ ಮೂರ್ತಿಗಳು, ವೀರಗಲ್ಲುಗಳು. ಹೆಸರು ಶಿವಪ್ಪ ನಾಯಕನ ಅರಮನೆ. ಕೆಳದಿಯ ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಭೂಮಿಯ ಗುಣ, ಫಸಲು ನೋಡಿ ಕಂದಾಯ ಗೊತ್ತುಮಾಡಿದ ಅವನ ‘ಶಿಸ್ತು’ ಮಲೆನಾಡಿನಲ್ಲಿ ಇನ್ನೂ ಹೆಸರಾಗಿದೆ. ಅಂಥ ದೊರೆಯ ಹೆಸರಿಗೆ ನಾವೂ ತಲೆಬಾಗುತ್ತೇವೆ. ಆದರೆ ಈಗ ನಿಂತಿರುವ ಕಟ್ಟಡ ಹದಿನೆಂಟನೇ ಶತಮಾನದ್ದು, ಹೈದರಾಲಿಯ ಕಾಲದಲ್ಲಿ ಕಟ್ಟಿದ್ದು ಎಂದು ಪುರಾತತ್ವ ಬಲ್ಲವರು ಹೇಳುತ್ತಲೇ ಬಂದಿದ್ದಾರೆ. ಇದು ಗುಟ್ಟೇನಲ್ಲ. ಆದರೂ ಊರಲ್ಲಿ ನೂರು ಜನರನ್ನು ನಿಲ್ಲಿಸಿ ಕೇಳಿ, ಎಷ್ಟು ಮಂದಿ ಇದನ್ನು ಹೇಳುತ್ತಾರೆ ನೋಡಿ.

ಈ ಮಾತನ್ನು ನಾವು ಒಮ್ಮೆ ಚಹಾದಂಗಡಿಯಲ್ಲಿ ಆಡಿದ್ದೆವು. ಒಬ್ಬರು ಮುಖ ಗಂಟಿಕ್ಕಿಕೊಂಡು “ಎಲ್ಲದರಲ್ಲೂ ನಿಮ್ಮ ಹೈದರನನ್ನು ತುರುಕ್ತೀರಲ್ರೀ” ಎಂದರು. ಅದೇ ಸಂಜೆ ನಮ್ಮ ಮೊಹಲ್ಲಾದ ಹುಡುಗನೊಬ್ಬ ಕಣ್ಣರಳಿಸಿ “ಹಾಗಾದ್ರೆ ಅದು ನಮ್ದೇ ಅಲ್ವಾ ಸಾಬ್!” ಎಂದ. ನಮಗೆ ಎರಡೂ ಒಂದೇ ರೋಗದ ಎರಡು ಲಕ್ಷಣಗಳಾಗಿ ಕಂಡವು. ಒಬ್ಬರಿಗೆ ಹೈದರನ ಹೆಸರು ಬಂದರೆ ಅರಮನೆ ಮೈಲಿಗೆಯಾಗುತ್ತದೆ, ಇನ್ನೊಬ್ಬನಿಗೆ ಹೈದರನ ಹೆಸರು ಬಾರದೆ ಅರಮನೆ ಬೇಕಾಗಿಲ್ಲ. ಮರ ಕಡಿದು ತಂದವರು, ಆ ಕಂಬ ಕೆತ್ತಿದ ಬಡಗಿಗಳು, ಗಾರೆ ಕಲಸಿದ ಕೂಲಿಗಳು ಇಬ್ಬರ ಲೆಕ್ಕದಲ್ಲೂ ಇಲ್ಲ. ನಾಯಕನ ಹೆಸರು ಇದ್ದಲ್ಲೇ ಇರಲಿ, ಅದನ್ನು ತೆಗೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಅದರ ಕೆಳಗೆ ಕಟ್ಟಡದ ನಿಜವಾದ ಕಾಲವನ್ನು ಬರೆದರೆ ನಾಯಕನ ಕೀರ್ತಿಗೆ ಯಾವ ಕುಂದು ಬರುತ್ತದೆ?

ಹೊಸನಗರ ತಾಲ್ಲೂಕಿನ ನಗರಕ್ಕೆ ಹೋದರೆ ಇದೇ ಕಥೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೆಳದಿ ಅರಸರ ರಾಜಧಾನಿ ಬಿದನೂರು ಇದ್ದದ್ದು ಇಲ್ಲಿ. 1763ರಲ್ಲಿ ಹೈದರಾಲಿ ಅದನ್ನು ಗೆದ್ದು ಹೈದರನಗರ ಎಂದು ಕರೆದ. ಕಾಲಾಂತರದಲ್ಲಿ ‘ಹೈದರ’ ಉದುರಿ ‘ನಗರ’ ಉಳಿಯಿತು. ಗೆದ್ದವನು ಮಾಡಿದ್ದನ್ನು ನಾವು ಬಣ್ಣ ಬಳಿದು ಹೇಳಬೇಕಾಗಿಲ್ಲ. ಬಿದನೂರಿನ ಭಂಡಾರವನ್ನು ಹೈದರ್ ವಶಪಡಿಸಿಕೊಂಡ, ರಾಣಿ ವೀರಮ್ಮಾಜಿಯನ್ನು ಮಧುಗಿರಿಯಲ್ಲಿ ಸೆರೆಯಿಟ್ಟ. ಅದೇ ಹೈದರ್ ತನ್ನ ಚಿನ್ನದ ವರಹದ ಮೇಲೆ ಕೆಳದಿ ಅರಸರ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅರಬ್ಬಿ ಅಕ್ಷರವನ್ನಷ್ಟೇ ಹಾಕಿಸಿದ. ಭಕ್ತಿಯಿಂದ ಅಲ್ಲದಿರಬಹುದು. ಜನ ನಂಬಿದ ನಾಣ್ಯವನ್ನು ಕೆಡಿಸಿದರೆ ವ್ಯಾಪಾರ ಕೆಡುತ್ತದೆ ಎಂಬ ಬುದ್ಧಿಯಿಂದಲೇ ಇರಬಹುದು. ಆದರೆ ಒಂದೇ ನಾಣ್ಯದ ಎರಡು ಮುಖಗಳಲ್ಲಿ ಅವರಿಬ್ಬರೂ ಕೂತಿದ್ದಾರೆ. ನಾಣ್ಯವನ್ನು ಸೀಳಿ ಹಂಚಿಕೊಳ್ಳಲು ಹೊರಟ ನಮಗೆ ಕೈಯಲ್ಲಿ ಉಳಿಯುವುದು ಬರೀ ಚೂರು.

ಕೋಟೆ, ಅರಮನೆಗಳ ಬಗ್ಗೆ ಇಷ್ಟು ಉದಾಸೀನರಾದ ನಾವು ಯಾವುದಕ್ಕೆ ಜೀವ ಬಿಡುತ್ತೇವೆ? 2022ರ ಆಗಸ್ಟ್ 15ರಂದು, ಸ್ವಾತಂತ್ರ್ಯಕ್ಕೆ 75 ವರ್ಷ ತುಂಬಿದ ದಿನ, ನಮ್ಮೂರಿನ ಅಮೀರ್ ಅಹ್ಮದ್ ವೃತ್ತದಲ್ಲಿ ಸಾವರ್ಕರ್ ಫ್ಲೆಕ್ಸ್ ಮತ್ತು ಟಿಪ್ಪು ಫ್ಲೆಕ್ಸ್ ಹೆಸರಲ್ಲಿ ಗಲಾಟೆಯಾಯಿತು. ಒಬ್ಬ ಯುವಕನಿಗೆ ಚೂರಿ ಇರಿತವಾಯಿತು, ಊರಿಗೆ ನಿಷೇಧಾಜ್ಞೆ ಬಿತ್ತು. ಒಂದು ಗಾಳಿಮಳೆಗೆ ಹರಿದುಹೋಗುವ ಪ್ಲಾಸ್ಟಿಕ್ಕಿಗೆ ರಕ್ತ ಚೆಲ್ಲುವ ಈ ಊರಿನಲ್ಲಿ, ನೂರಾರು ವರ್ಷ ಮಳೆ ತಡೆದು ನಿಂತ ಅರಮನೆಯನ್ನು ಕಣ್ಣೆತ್ತಿ ನೋಡುವ ಪುರುಸೊತ್ತು ಯಾರಿಗಿದೆ? ಫ್ಲೆಕ್ಸ್ ಕಟ್ಟಿದ ಹುಡುಗರಲ್ಲಿ, ಅದು ಯಾವ ಕಡೆಯದ್ದೇ ಆಗಲಿ, ಎಷ್ಟು ಜನ ಆ ಅರಮನೆಯ ಮೆಟ್ಟಿಲು ಹತ್ತಿರಬಹುದು? ಚರಿತ್ರೆಯ ಹೆಸರಲ್ಲಿ ಕಾದಾಡುವವರಿಗೆ ಚರಿತ್ರೆ ಬೇಕಾಗಿಲ್ಲ. ಬೇಕಾಗಿರುವುದು ಎದುರಿನವನ ಮುಖಕ್ಕೆ ಹಿಡಿಯಲು ಒಂದು ಚಿತ್ರ.

ಇಷ್ಟು ಹೇಳಿದ ಮೇಲೆ ನಮ್ಮವರು ಚಪ್ಪಾಳೆ ತಟ್ಟುವ ಮೊದಲು ಸಂತೇಬೆನ್ನೂರಿಗೆ ಹೋಗಿಬರೋಣ. ಚನ್ನಗಿರಿ ತಾಲ್ಲೂಕಿನ ಈ ಊರು 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲೇ ಇತ್ತು. ಅಲ್ಲೊಂದು ಸೊಗಸಾದ ಪುಷ್ಕರಿಣಿ ಇದೆ, ನೀರಿನ ನಡುವೆ ವಸಂತ ಮಂಟಪ. ಪಕ್ಕದಲ್ಲೇ ದೊಡ್ಡ ಕಮಾನುಗಳ ಮುಸಾಫಿರಖಾನೆ. ಕೇಂದ್ರ ಪುರಾತತ್ವ ಇಲಾಖೆ ಎರಡನ್ನೂ ಸಂರಕ್ಷಿತ ಸ್ಮಾರಕವೆಂದು ಕಾಪಾಡುತ್ತಿದೆ. ಮುಸಾಫಿರಖಾನೆ! ದಾರಿಹೋಕರು ತಂಗುವ ಮನೆ. ಇಂಥ ಹೆಸರು ಕೇಳಿ ನಮ್ಮವರು ಎದೆಯುಬ್ಬಿಸುತ್ತಾರೆ. ಆದರೆ ಆ ಊರಿನ ಇತಿಹಾಸ ಹೇಳುವುದೇನು? ಹೊಂಡ ಕಟ್ಟಿಸಿದ ಹನುಮಪ್ಪ ನಾಯಕ ಅದರ ಬಳಿ ರಂಗನಾಥನ ದೇವಾಲಯವನ್ನೂ ಕಟ್ಟಿಸಿದ್ದ. ಹದಿನೇಳನೇ ಶತಮಾನದಲ್ಲಿ ಬಿಜಾಪುರದ ಸರದಾರ ರಣದುಲ್ಲಾ ಖಾನ್ ದಂಡೆತ್ತಿ ಬಂದಾಗ ಆ ದೇವಾಲಯವನ್ನು ಕೆಡವಿ ಈ ದೊಡ್ಡ ಕಟ್ಟಡ ಎಬ್ಬಿಸಿದರು. ಆಮೇಲೆ ನಾಯಕನ ಕಡೆಯವರು ಸೇಡಿಗೆ ಅದನ್ನು ಅಪವಿತ್ರಗೊಳಿಸಿದರು, ಅಲ್ಲಿ ನಮಾಜು ನಡೆಯದೇ ಹೋಯಿತು.

ಈ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳಬೇಕೇ, ಮುಚ್ಚಿಡಬೇಕೇ? ಹೇಳಬೇಕು ಎನ್ನುವುದು ನಮ್ಮ ಹಟ. ರಣದುಲ್ಲಾ ಖಾನನ ಪಾಪಕ್ಕೆ ವಿನೋಬನಗರದ ಹುಡುಗಿ ಹೊಣೆಗಾರಳಲ್ಲ. ಹೊಣೆ ಹೊರಿಸಲು ಬರುವವರಿಗೆ ಹಾಗೆಂದೇ ಹೇಳೋಣ. ಆದರೆ ಅವನು ಮಾಡಿದ್ದು ಅನ್ಯಾಯ ಎಂದು ಹೇಳುವ ನಾಲಿಗೆ ನಮಗಿರದಿದ್ದರೆ, ಅರಮನೆಯ ಫಲಕದಲ್ಲಿ ಹೈದರನ ಹೆಸರು ಬರೆಯಿರಿ ಎಂದು ಕೇಳುವ ನೈತಿಕ ಹಕ್ಕು ಎಲ್ಲಿಂದ ಬರುತ್ತದೆ? ಬೇಕಾದ ಕಡೆ ಚರಿತ್ರೆ, ಬೇಡವಾದ ಕಡೆ ಮೌನ ಎನ್ನುವುದು ಅವರ ದಾರಿಯಾದರೆ, ನಮ್ಮದೂ ಅದೇ ಆಗಬೇಕೇ? ಶೃಂಗೇರಿ ಮಠಕ್ಕೆ ಟಿಪ್ಪು ಬರೆದ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ ಬೆಳಕಿಗೆ ತಂದರು. ಅವು ಅಮೂಲ್ಯ ದಾಖಲೆಗಳು. ಆದರೆ ನೂರು ವರ್ಷದಿಂದ ಅವನ್ನೇ ನಡತೆಯ ಪ್ರಮಾಣಪತ್ರದ ಹಾಗೆ ಜೇಬಿನಲ್ಲಿಟ್ಟುಕೊಂಡು, ಯಾರು ತಡೆದರೂ ತೆಗೆದು ತೋರಿಸುತ್ತ ತಿರುಗುವುದು ಎಷ್ಟು ದಿನ?

ಮುಸಾಫಿರಖಾನೆಯ ಕಮಾನಿನ ಕೆಳಗೆ ನಿಂತಾಗ ನಮಗೆ ನೆನಪಾದದ್ದು ಬಳ್ಳಿಗಾವಿಯ ಕೋಡಿಯ ಮಠ. ಶಿಕಾರಿಪುರ ತಾಲ್ಲೂಕಿನ ಈ ಊರಿನಲ್ಲಿ ಒಂದು ಕಾಲಕ್ಕೆ ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರ ಗುಡಿ ವಿಹಾರಗಳಿದ್ದವು. 1162ರ ಶಾಸನವೊಂದು ಕೋಡಿಯ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಸಾಲಾಗಿ ಹೇಳುತ್ತದೆ. ಅಲ್ಲಿ ವೇದ, ವ್ಯಾಕರಣ, ತರ್ಕಗಳ ಪಾಠವಿತ್ತು. ಜೈನ, ಬೌದ್ಧ ದರ್ಶನಗಳನ್ನೂ ಓದುತ್ತಿದ್ದರು. ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಗಳಿಗೆ ಅನ್ನವಿತ್ತು. ರೋಗಿಗಳಿಗೆ ಔಷಧವಿತ್ತು. ಬಂದವನ ಜಾತಿ ಕೇಳಿದ ಮೇಲೆ ಅನ್ನ ಬಡಿಸುವ ಮಾತು ಆ ಪಟ್ಟಿಯಲ್ಲಿಲ್ಲ. ಸಂತೇಬೆನ್ನೂರಿನಲ್ಲಿ ‘ಮುಸಾಫಿರ’ ಎಂಬ ಹೆಸರಿದ್ದೂ ಇಲ್ಲವಾದದ್ದು, ಬಳ್ಳಿಗಾವಿಯಲ್ಲಿ ಆ ಹೆಸರಿಲ್ಲದೆಯೇ ಇತ್ತು. ಹೀಗಿರುವಾಗ ನಮ್ಮ ಮಗಳಿಗೆ ಯಾವುದು ‘ನಮ್ದು’ ಎಂದು ತೋರಿಸೋಣ? ನಾವಂತೂ ಬಳ್ಳಿಗಾವಿಯತ್ತ ಬೆರಳು ಮಾಡುತ್ತೇವೆ.

ಇದು ನಮ್ಮ ದೀನಿಗೆ ಹೊರಗಿನ ಮಾತೂ ಅಲ್ಲ. ಜಕಾತ್ ಯಾರಿಗೆ ಸಲ್ಲಬೇಕು ಎಂದು ಕುರ್‌ಆನ್ ಎಣಿಸುವ ಎಂಟು ವರ್ಗಗಳಲ್ಲಿ ದಾರಿಹೋಕನೂ ಒಬ್ಬ. ಪ್ರಯಾಣಿಕನಿಗೆ ನಮಾಜಿನಲ್ಲೂ ರಿಯಾಯಿತಿ ಉಂಟು. ಭೂಮಿಯ ಮೇಲೆ ಸಂಚರಿಸಿ, ಹಿಂದಿನವರು ಏನಾದರೆಂದು ನೋಡಿ ಬುದ್ಧಿ ಕಲಿಯಿರಿ ಎಂಬ ಉಪದೇಶ ಮತ್ತೆ ಮತ್ತೆ ಬರುತ್ತದೆ. ಹದಿನಾಲ್ಕನೇ ಶತಮಾನದಲ್ಲಿ ಜೋಗದ ಶರಾವತಿ ಸಮುದ್ರ ಸೇರುವ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆ ಎಂದು ಬರೆದಿಟ್ಟ. ಅವನು ಎಣಿಸಿದ್ದು ಗೋಪುರ, ಗುಂಬಜ್‌ಗಳನ್ನಲ್ಲ, ಓದುವ ಮಕ್ಕಳ ಶಾಲೆಗಳನ್ನು. ಪ್ರವಾಸವೆಂದರೆ ಅದು. ಆಟೋ ನಿಲ್ಲಿಸಿ ಸೆಲ್ಫಿ ತೆಗೆದು ಮತ್ತೆ ಹತ್ತುವುದಕ್ಕೆ ಬೇರೆ ಹೆಸರಿಡಬೇಕು.

ಮೇಷ್ಟ್ರ ಪಟ್ಟಿಗೂ ಮಕ್ಕಳ ಪಟ್ಟಿಗೂ ಬಾರದ ಇನ್ನೊಂದು ಜಾಗವಿದೆ. ತೀರ್ಥಹಳ್ಳಿ ತಾಲ್ಲೂಕಿನ ಹಣಗೆರೆಕಟ್ಟೆ. ಕಾಡಿನ ನಡುವಿನ ಈ ಊರಿನಲ್ಲಿ ಹಜರತ್ ಸೈಯದ್ ಸಾದತ್ ದರ್ಗಾ ಮತ್ತು ಭೂತರಾಯ, ಚೌಡೇಶ್ವರಿಯರ ಸನ್ನಿಧಿ ಒಂದೇ ಸೂರಿನ ಅಡಿಯಲ್ಲಿವೆ. ಹೂವು, ಸಕ್ಕರೆ ಹಿಡಿದವರೂ ತೆಂಗಿನಕಾಯಿ ಹಿಡಿದವರೂ ಒಂದೇ ಬಾಗಿಲಲ್ಲಿ ಒಳಗೆ ಹೋಗುತ್ತಾರೆ. ಸಭೆ, ಭಾಷಣಗಳಲ್ಲಿ ಇದನ್ನು ‘ಸೌಹಾರ್ದದ ಸಂಕೇತ’ ಎಂದು ಕರೆಯುವುದು ರೂಢಿ. ಆದರೆ ಅಲ್ಲಿಗೆ ಬರುವ ಹೆಂಗಸರನ್ನು ಮಾತಾಡಿಸಿ ನೋಡಿ. ಮಗುವಿಗೆ ಜ್ವರ ಬಿಟ್ಟಿಲ್ಲ, ಗಂಡ ಕುಡಿಯುತ್ತಾನೆ, ಕೋರ್ಟಿನಲ್ಲಿ ಜಮೀನಿನ ವ್ಯಾಜ್ಯ ಮುಗಿಯುತ್ತಿಲ್ಲ. ಅವರು ಬಂದದ್ದು ಕಷ್ಟಕ್ಕೆ, ಹರಕೆಗೆ. ಸೌಹಾರ್ದ ಎಂಬ ದೊಡ್ಡ ಮಾತು ಅವರಿಗೆ ಬೇಕಾಗಿಯೇ ಇಲ್ಲ. ಇಂಥ ಜಾಗಗಳ ಮೇಲೆ ಈಗ ಎರಡೂ ಕಡೆಯ ಶುದ್ಧಿವಂತರ ಕಣ್ಣಿದೆ. ಒಬ್ಬರಿಗೆ ಅಲ್ಲಿ ದರ್ಗಾ ಇರಬಾರದು, ಇನ್ನೊಬ್ಬರಿಗೆ ಅಲ್ಲಿಗೆ ಮುಸ್ಲಿಮರು ಹೋಗಬಾರದು. ಅಲ್ಲಿ ನಡೆಯುವ ಎಲ್ಲವನ್ನೂ ನಾವು ಒಪ್ಪುತ್ತೇವೆಂದಲ್ಲ. ಆದರೆ ಕಷ್ಟ ಹೇಳಿಕೊಳ್ಳಲು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ವಿಂಗಡಿಸುವ ಅಧಿಕಾರವನ್ನು ಇಬ್ಬರಿಗೂ ಕೊಟ್ಟವರು ಯಾರು?

ಇನ್ನು ನಮ್ಮ ಮನೆಯೊಳಗಿನ ಮಾತು. ಹೊರಗಿನವರು ನಮ್ಮ ಹೆಸರನ್ನು ಪಟ್ಟಿಯಿಂದ ಅಳಿಸುತ್ತಾರೆ ಎಂದು ದೂರುವ ನಾವು ನಮ್ಮದನ್ನು ಎಷ್ಟು ಉಳಿಸಿಕೊಂಡಿದ್ದೇವೆ? ನಮ್ಮ ನಾನಿಯ ಊರಿನಲ್ಲಿ ಒಂದು ಹಳೆಯ ಮಸೀದಿ ಇತ್ತು. ಊರ ಹೆಸರು ಬೇಡ, ಮಲೆನಾಡಿನ ಯಾವ ಊರೆಂದಾದರೂ ತಿಳಿಯಿರಿ. ಮಣ್ಣಿನ ಗೋಡೆ, ಮಂಗಳೂರು ಹೆಂಚು, ದೀಪದ ಹೊಗೆ ಹಿಡಿದು ಕಪ್ಪಾದ ಮರದ ಕಂಬಗಳು, ಸಣ್ಣ ಬಳ್ಳಿ ಕೆತ್ತಿದ ಮರದ ಮಿಂಬರ್. ದೂರದಿಂದ ನೋಡಿದರೆ ಮಲೆನಾಡಿನ ಒಂದು ತೊಟ್ಟಿ ಮನೆಯಂತೆಯೇ ಕಾಣುತ್ತಿತ್ತು. ಅದನ್ನು ಕಟ್ಟಿದ ಬಡಗಿಗಳು ಪಕ್ಕದ ಊರಿನ ಆಚಾರಿಗಳು ಎಂದು ನಾನಿ ಹೇಳುತ್ತಿದ್ದರು. ಹತ್ತು ವರ್ಷದ ಹಿಂದೆ ಅದನ್ನು ಕೆಡವಿದರು. ಈಗ ಅಲ್ಲಿ ಕಾಂಕ್ರೀಟು, ಹೊಳೆಯುವ ಟೈಲ್ಸು, ಹಸಿರು ಟ್ಯೂಬ್‌ಲೈಟು, ಯಾವ ಊರಿನಲ್ಲಿ ಬೇಕಾದರೂ ಇರಬಹುದಾದ ಎರಡು ಮಿನಾರು. ಮಿಂಬರಿನ ಹಲಗೆಗಳು ಏನಾದವು ಎಂದು ಕೇಳಿದೆವು. ಬಿರಿಯಾನಿ ಒಲೆಗೆ ಹೋದವು ಎಂದರು.

ಮುತವಲ್ಲಿ ಸಾಹೇಬರು ಕೆಟ್ಟವರೇನಲ್ಲ. “ಜುಮ್ಮಾಕ್ಕೆ ಜಾಗ ಸಾಲ್ತಿರಲಿಲ್ಲ, ಮಳೆಗಾಲ ಬಂದ್ರೆ ಸೋರ್ತಿತ್ತು, ಗೆದ್ದಲು ಹಿಡಿದಿತ್ತು. ಕಥೆ ಬರೆಯೋರಿಗೇನು, ನಮಾಜು ಮಾಡೋರಿಗೆ ಸೂರು ಬೇಡ್ವಾ?” ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಜನ ಹೆಚ್ಚಿದರೆ ಜಾಗ ಬೇಕು. ಆದರೆ ಹೊಸದನ್ನು ಕಟ್ಟಲು ಪಕ್ಕದಲ್ಲಿ ನೆಲವಿತ್ತು. ಸೋರುವ ಹೆಂಚು ಬದಲಿಸಬಹುದಿತ್ತು. ಹಳೆಯದನ್ನು ಒಳಗೆ ಉಳಿಸಿಕೊಂಡು ಸುತ್ತ ವಿಸ್ತರಿಸಬಹುದಿತ್ತು. ಕೋಯಿಕ್ಕೋಡಿನ ಮಿಶ್ಕಾಲ್ ಮಸೀದಿಯನ್ನು ನೋಡಿ. ಹದಿನಾಲ್ಕನೇ ಶತಮಾನದಲ್ಲಿ ವ್ಯಾಪಾರಿಯೊಬ್ಬರು ಕಟ್ಟಿಸಿದ್ದು. 1510ರಲ್ಲಿ ಪೋರ್ಚುಗೀಸರು ಅದಕ್ಕೆ ಬೆಂಕಿಯಿಟ್ಟರು. ಗುಂಬಜ್ ಇಲ್ಲದ, ಮರ ಮತ್ತು ಹೆಂಚಿನ ಆ ಮಸೀದಿಯಲ್ಲಿ ಇವತ್ತಿಗೂ ನಮಾಜು ನಡೆಯುತ್ತಿದೆ. ನಮ್ಮಷ್ಟೇ ಮಳೆ ಅಲ್ಲೂ ಸುರಿಯುತ್ತದೆ. ಕೊಡುಂಗಲ್ಲೂರಿನ ಚೇರಮಾನ್ ಮಸೀದಿಗೂ ಕಳೆದ ಶತಮಾನದಲ್ಲಿ ಕಾಂಕ್ರೀಟಿನ ಮುಖ, ಮಿನಾರು ಬಂದಿದ್ದವು. ಇತ್ತೀಚಿನ ವರ್ಷಗಳಲ್ಲಿ ಮುಜಿರಿಸ್ ಪಾರಂಪರಿಕ ಯೋಜನೆಯಲ್ಲಿ ಅವನ್ನು ತೆಗೆದು ಹಳೆಯ ರೂಪಕ್ಕೆ ತಂದರು. ತಪ್ಪು ಮಾಡಿ ತಿದ್ದಿಕೊಂಡವರು ಅಲ್ಲಿದ್ದಾರೆ. ನಾವಿನ್ನೂ ತಪ್ಪಿಗೆ ಚಂದಾ ಎತ್ತುತ್ತಿದ್ದೇವೆ.

ನಾಳೆ ಯಾರಾದರೂ “ನೀವು ಈ ಊರಿಗೆ ಯಾವಾಗ ಬಂದಿರಿ?” ಎಂದು ಕೇಳಿದರೆ ಏನನ್ನು ತೋರಿಸೋಣ? ಆ ಹಳೆಯ ಮಸೀದಿ, ನಾವು ಮಲೆನಾಡಿನ ಮಣ್ಣಲ್ಲೇ ಮಲೆನಾಡಿನ ಬಡಗಿಗಳ ಕೈಯಲ್ಲೇ ಮನೆ ಮಾಡಿಕೊಂಡವರು ಎಂದು ಬಾಯಿಲ್ಲದೆ ಸಾರುತ್ತಿತ್ತು. ಆ ಸಾಕ್ಷಿಯನ್ನು ನಾವೇ ಒಲೆಗೆ ಹಾಕಿದೆವು. ಹೊರಗಿನವರು ಕಾಗದದ ಮೇಲೆ ಅಳಿಸಿದ್ದನ್ನು ಮತ್ತೆ ಬರೆಯಬಹುದು, ಹಾರೆ ಹಾಕಿ ಕೆಡವಿದ್ದನ್ನು ಮತ್ತೆ ಬರೆಯಲಾಗದು.

“ಹೊಟ್ಟೆಗಿಲ್ಲದ ಕಾಲದಲ್ಲಿ ಹಳೆ ಕಟ್ಟಡದ ಚಿಂತೆಯೇ?” ಎಂದು ಗೆಳೆಯರು ಕೇಳುತ್ತಾರೆ. ನಮ್ಮ ಹುಡುಗರಿಗೆ ಕೆಲಸವಿಲ್ಲ, ಹುಡುಗಿಯರ ಓದು ನಡುವೆ ನಿಲ್ಲುತ್ತದೆ, ಹೆಸರು ಹೇಳಿದೊಡನೆ ‘ಮನೆ ಬಾಡಿಗೆಗಿದೆ’ ಎಂಬ ಹಲಗೆ ಒಳಗೆ ಹೋಗುತ್ತದೆ. ನಮಗೂ ಆಗಿದೆ. ಆ ದುಃಖ ನಮಗೆ ಗೊತ್ತು. ಆದರೆ ಬಾಡಿಗೆ ಮನೆ ಸಿಗದಿರುವುದಕ್ಕೂ ನಮ್ಮ ಮಗಳು ಪಟ್ಟಿ ಓದಿ ಸಪ್ಪಗಾದದ್ದಕ್ಕೂ ಸಂಬಂಧವಿದೆ. ಎರಡರ ಹಿಂದೆಯೂ ಇರುವುದು ‘ಇವರು ಇಲ್ಲಿಯವರಲ್ಲ’ ಎಂಬ ಒಂದೇ ಸುಳ್ಳು. ಆ ಸುಳ್ಳನ್ನು ಎದುರಿನವರು ನಂಬಿದರೆ ಜಗಳಾಡಬಹುದು. ನಮ್ಮ ಮಕ್ಕಳೇ ನಂಬಿಬಿಟ್ಟರೆ?

ನಾವಿರುವ ಬಡಾವಣೆಗೆ ಹೆಸರು ಕೊಟ್ಟ ವಿನೋಬಾ ಭಾವೆ 1951ರಲ್ಲಿ ಭೂದಾನ ಆರಂಭಿಸಿ ವರ್ಷಗಟ್ಟಲೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದವರು. ಕುರ್‌ಆನನ್ನು ಮೂಲದಲ್ಲೇ ಓದಬೇಕೆಂದು ಅರಬ್ಬಿ ಕಲಿತರು, ಅದರ ಆಯ್ದ ಭಾಗಗಳನ್ನು ಸಂಗ್ರಹಿಸಿ ಪುಸ್ತಕ ಮಾಡಿದರು. ಕುರ್‌ಆನ್ ‘ಅವರದ್ದು’ ಎಂದು ಅವರು ದೂರ ನಿಲ್ಲಲಿಲ್ಲ. ಕಲಿತರು, ಕಲಿತದ್ದು ಅವರದ್ದೂ ಆಯಿತು. ಇಕ್ಕೇರಿ ನಮ್ಮದಾಗುವುದಕ್ಕೂ ಅರಮನೆ ಮೇಷ್ಟ್ರದ್ದಾಗುವುದಕ್ಕೂ ಇದೊಂದೇ ದಾರಿ. ಹೋಗಿ ನಿಂತು ನೋಡಬೇಕು, ಓದಬೇಕು, ಹಾಳಾಗದಂತೆ ಕಾಯಬೇಕು.

ಆದ್ದರಿಂದ ನಮ್ಮ ಬೇಡಿಕೆಗಳು ದೊಡ್ಡವೇನಲ್ಲ. ಇಲಾಖೆಯವರು ಸ್ಮಾರಕಗಳ ಮುಂದೆ ಪೂರ್ತಿ ಕಥೆಯ ಫಲಕ ಹಾಕಲಿ: ಅರಮನೆಯಲ್ಲಿ ಹೈದರನ ಕಾಲವೂ ಇರಲಿ, ಸಂತೇಬೆನ್ನೂರಿನಲ್ಲಿ ಕೆಡವಿದ್ದೂ ಕೆಡಿಸಿದ್ದೂ ಇರಲಿ. ಶಾಲಾ ಪ್ರವಾಸದ ಬಸ್ಸು ವಿಜಯಪುರದ ಗೋಳಗುಮ್ಮಟಕ್ಕೆ ಹೋಗುವ ಮೊದಲು ಊರೊಳಗಿನ ಅರಮನೆಯ ಮುಂದೆ ಒಂದು ಗಂಟೆ ನಿಲ್ಲಲಿ. ನಮ್ಮ ಜಮಾಅತ್‌ಗಳು ಹಳೆಯ ಮಸೀದಿ, ದರ್ಗಾಗಳಿಗೆ ಹಾರೆ ಹಾಕುವ ಮೊದಲು ಹಳೆಯ ಕಟ್ಟಡ ಬಲ್ಲವರನ್ನು ಕರೆದು ಕೇಳಲಿ. ಕನಿಷ್ಠ ಒಂದು ಕಂಬವನ್ನು, ಒಂದು ಮಿಂಬರನ್ನು ಒಲೆಯಿಂದ ಉಳಿಸಲಿ.

ನೆಂಟರ ಜೊತೆ ನಾವು ಕೊನೆಗೆ ಹೋದದ್ದು ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ. ಅಲ್ಲಿ ಗರ್ಭಗುಡಿಯ ಎದುರಿನ ನೆಲದಲ್ಲಿ ಅಡ್ಡಬಿದ್ದ ಮೂವರು ನಾಯಕರನ್ನು ಹೆಸರು ಸಮೇತ ಕೆತ್ತಿದ್ದಾರೆ. ಒಬ್ಬನ ಕೈಕಾಲಿಗೆ ಸಂಕೋಲೆ. ಅರಸರು ತಮ್ಮನ್ನು ನೆಲದ ಮೇಲೆ ಕೆತ್ತಿಸಿಕೊಂಡಿದ್ದನ್ನು ಮಗಳು ಬಗ್ಗಿ ನೋಡಿದಳು. ಆ ಗುಡಿಯ ನಡುಗಂಬಗಳ ಅಂತರ, 18 ಅಡಿ 6 ಅಂಗುಲ, ಒಂದು ಕಾಲಕ್ಕೆ ತೋಟದ ಜಮೀನು ಅಳೆಯುವ ಕೋಲಾಗಿತ್ತು ಎಂದು ಹಳೆಯ ಮೈಸೂರು ಗೆಜೆಟಿಯರ್ ದಾಖಲಿಸಿದೆ ಎಂದು ನಾವು ಹೇಳಿದೆವು. ಅವಳು ಚಪ್ಪಲಿ ಬಿಟ್ಟ ಬರಿಗಾಲಲ್ಲಿ ಕಂಬದಿಂದ ಕಂಬಕ್ಕೆ ಹೆಜ್ಜೆ ಎಣಿಸಿದಳು. ಎಣಿಕೆ ತಪ್ಪಿತೆಂದು ಮತ್ತೊಮ್ಮೆ ಎಣಿಸಿದಳು. ಇದು ಯಾರದ್ದು ಎಂದು ಆವತ್ತು ಅವಳು ಕೇಳಲಿಲ್ಲ, ನಾವೂ ನೆನಪಿಸಲಿಲ್ಲ.

ಓದುಗರೇ, ನಿಮ್ಮ ಮನೆಗೂ ಮುಸಾಫಿರರು ಬರುತ್ತಾರೆ. ಏನು ನೋಡಬೇಕು ಎಂದು ಕೇಳುತ್ತಾರೆ. ಪಟ್ಟಿ ಬರೆಯುವ ಮೊದಲು ನಿಮ್ಮ ಬೀದಿಯ ಅತಿ ಹಳೆಯ ಕಟ್ಟಡದ ಮುಂದೆ ಒಮ್ಮೆ ನಿಂತು ಬನ್ನಿ. ಅದು ಗುಡಿಯಾಗಿರಲಿ, ಮಸೀದಿಯಾಗಿರಲಿ, ಹಾಳುಬಿದ್ದ ಛತ್ರವಾಗಿರಲಿ, ಅದರ ಕಥೆ ಕೇಳಿಕೊಂಡು ಬನ್ನಿ. ಹೇಳುವಾಗ ಮಾತ್ರ ಅರ್ಧ ಹೇಳಬೇಡಿ.